ನಿಮ್ಮ ಬೇಸ್‌ಬಾಲ್ ಟೀಮ್ ಸೋಲ್ತಾನೇ ಇದ್ಯಾ? ದೋಷ ಗಾಯದಲ್ಲಿದ್ಯಾ, ಟ್ರೇಡ್‌ನಲ್ಲಿದ್ಯಾ, ಆಫೀಸಲ್ಲಿದ್ಯಾ ಅಂತ ಹುಡುಕೋ ಕೈಪಿಡಿ (ಏಂಜಲ್ಸ್ ಉದಾಹರಣೆ ಸಮೇತ)

ನಾನು ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಗೆ ಬಂದಿದ್ದು 2015ರಲ್ಲಿ. ಆ ವರ್ಷ ಲಾಸ್ ಏಂಜಲೀಸ್ ಏಂಜಲ್ಸ್ 85 ಮ್ಯಾಚ್ ಗೆದ್ದು 77 ಸೋತು ಪ್ಲೇಆಫ್ ಸ್ವಲ್ಪದ್ರಲ್ಲಿ ತಪ್ಪಿಸ್ಕೊಂಡಿತ್ತು, ಸರಿ ಮುಂದಿನ ವರ್ಷ ನೋಡ್ಕೊಳ್ಳೋಣ ಅಂದ್ಕೊಂಡೆ. ಅಲ್ಲಿಂದ 2016ರಿಂದ 2025ರವರೆಗೆ ಹತ್ತಕ್ಕೆ ಹತ್ತು ಸೀಸನ್ನೂ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಕೆಲಸ ಮುಗ್ಸಿ 57 ಫ್ರೀವೇನಲ್ಲಿ ಬರೋವಾಗ ಸ್ಟೇಡಿಯಂ ಪಾರ್ಕಿಂಗ್‌ನಲ್ಲಿ ನಿಂತಿರೋ 230 ಅಡಿ ಎತ್ತರದ ದೊಡ್ಡ ‘ಎ’ ಅಕ್ಷರ ಕಾಣತ್ತೆ, ಟೀಮ್ ಗೆದ್ದ ರಾತ್ರಿ ಅದರ ತುದಿಯಲ್ಲಿರೋ ಬಳೆ ಬೆಳಗತ್ತೆ, ನಾನಂತೂ ಸ್ಕೋರ್ ನೋಡೋಕೆ ಮುಂಚೆ ಅದನ್ನೇ ನೋಡ್ತೀನಿ.

ಈ ಟೀಮ್ ಬಗ್ಗೆ ಮಾತು ಬಂದ್ರೆ ಎಲ್ರೂ ಹೇಳೋದು ಒಂದೇ, "ಪಾಪ, ಅವರಿಗೆ ಗಾಯದ ಕಾಟ". ಹತ್ತು ವರ್ಷ ನೋಡಿದ ಮೇಲೆ ನಾನು ಇದನ್ನ ಒಪ್ಪಲ್ಲ. ಗಾಯ ಜ್ವರ ಇದ್ದಂಗೆ, ಜ್ವರ ಬಂದಿದೆ ಅಂದ್ರೆ ಕಾಯಿಲೆ ಒಳಗೆ ಇನ್ನೆಲ್ಲೋ ಇದೆ. ಅದನ್ನ ಹುಡುಕೋದು ಹೇಗೆ ಅಂತ ಕೆಳಗೆ ಬರ್ದಿದೀನಿ. ದುಡ್ಡು ಖರ್ಚಿಲ್ದೆ ಮನೇಲೇ ಕೂತು ನೋಡ್ಬಹುದಾದ್ದು ಮೊದ್ಲು, ಕಷ್ಟದ್ದು ಆಮೇಲೆ. ಬೇರೆ ಟೀಮ್ ಅಭಿಮಾನಿಗಳಿಗೂ ಇದೇ ಕ್ರಮ ನಡೆಯತ್ತೆ.

ಲಕ್ಷಣ 1: ಎರಡು ವಾರದಿಂದ ಬರೀ ಸೋಲು

ಮೊದ್ಲು ಏನೂ ಮಾಡ್ಬೇಡಿ. ಸೀಸನ್ನು 162 ಮ್ಯಾಚಿಂದು, ಒಳ್ಳೆ ಟೀಮೂ ಅರವತ್ತು ಸೋಲತ್ತೆ, ಐದಾರು ಮ್ಯಾಚ್ ಸತತವಾಗಿ ಸೋಲೋದು ದೋಷವೇ ಅಲ್ಲ. ಸ್ಟ್ಯಾಂಡಿಂಗ್ಸ್ (ಅಂಕಪಟ್ಟಿ) ತೆಗೆದು ಗೆಲುವು ಸೋಲಿನ ಕಾಲಂ ಬಿಟ್ಟು ರನ್ ವ್ಯತ್ಯಾಸದ ಕಾಲಂ ನೋಡಿ, ಅಂದ್ರೆ ಹೊಡೆದ ರನ್ ಎಷ್ಟು ಕೊಟ್ಟ ರನ್ ಎಷ್ಟು ಅಂತ. ಎರಡೂ ಸಮ ಇದ್ರೆ ಆ ಟೀಮ್ ಸುಮಾರು 81 ಗೆಲ್ಲೋ ಟೀಮ್. ಅಲ್ಲಿಂದ ಹತ್ತು ರನ್ ಜಾಸ್ತಿ ಆದ್ರೆ ಒಂದು ಗೆಲುವು ಜಾಸ್ತಿ, ಹತ್ತು ಕಮ್ಮಿ ಆದ್ರೆ ಒಂದು ಕಮ್ಮಿ, ಹೆಚ್ಚುಕಮ್ಮಿ ಇದೇ ಲೆಕ್ಕ.

ರನ್ ವ್ಯತ್ಯಾಸ ಚೆನ್ನಾಗಿದ್ದೂ ಸೋಲ್ತಿದ್ರೆ ಒಂದೊಂದು ರನ್ನಲ್ಲಿ ಕೈತಪ್ಪಿ ಹೋಗ್ತಿದೆ ಅಂತ ಅರ್ಥ, ಅದು ಬಹಳಷ್ಟು ಸಲ ತಾನಾಗೇ ಸರಿ ಹೋಗತ್ತೆ. ಉಲ್ಟಾನೂ ಆಗತ್ತೆ: 2021ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ಹೊಡೆದಿದ್ದಕ್ಕಿಂತ 51 ರನ್ ಜಾಸ್ತಿ ಕೊಟ್ಟೂ 90 ಮ್ಯಾಚ್ ಗೆದ್ರು. ಸುಮಾರು 40 ಮ್ಯಾಚ್ ಆಗೋವರೆಗೂ ಯಾವ ತೀರ್ಮಾನಕ್ಕೂ ಬರ್ಬೇಡಿ. ಆದ್ರೆ 40 ಆದ್ಮೇಲೂ ಕುಸಿತ ನಿಲ್ತಿಲ್ಲ ಅಂದ್ರೆ ಮುಂದಕ್ಕೆ ಹೋಗಿ. 2022ರಲ್ಲಿ ನಮ್ಮೋರು 27 ಗೆದ್ದು 17 ಸೋತು ಜೋರಾಗಿ ಶುರು ಮಾಡಿ, ಆಮೇಲೆ ಸತತ 14 ಸೋತ್ರು, ಅದು ಈ ಟೀಮಿನ ಇತಿಹಾಸದಲ್ಲೇ ಉದ್ದದ ಸೋಲಿನ ಸರಣಿ. ಅಂಥದ್ದು ಬರೀ ಕೆಟ್ಟ ಗಳಿಗೆಯಿಂದ ಆಗಲ್ಲ.

ಲಕ್ಷಣ 2: ಪಿಚರ್ ವೇಗ ಇಳೀತಿದೆ, "ಕೈಗೆ ಸ್ವಲ್ಪ ಸುಸ್ತು" ಅಂತಿದಾರೆ

ಕ್ರಿಕೆಟ್‌ನಲ್ಲಿ ಫಾಸ್ಟ್ ಬೌಲರ್‌ಗೆ ಬೆನ್ನು ಹೇಗೋ ಇಲ್ಲಿ ಪಿಚರ್‌ಗೆ ಮೊಣಕೈ ಹಾಗೆ. ಮೊಣಕೈ ಒಳಮೈಯಲ್ಲಿ ಎರಡು ಮೂಳೆ ಕಟ್ಟಿ ಹಿಡಿಯೋ ಒಂದು ಲಿಗಮೆಂಟ್ ಇದೆ, ಅದು ಹರಿದ್ರೆ ಟಾಮಿ ಜಾನ್ ಸರ್ಜರಿ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಮೊದಲ ಸಲ ಮಾಡಿದ್ದು ಲಾಸ್ ಏಂಜಲೀಸಿನ ಇನ್ನೊಂದು ಟೀಮ್ ಡಾಡ್ಜರ್ಸ್‌ನ ಪಿಚರ್ ಟಾಮಿ ಜಾನ್‌ಗೆ, ಅದಕ್ಕೇ ಆ ಹೆಸರು. ದೇಹದ ಬೇರೆ ಕಡೆಯಿಂದ ಒಂದು ನರದಂಥ ಪಟ್ಟಿ ತೆಗೆದು ಅಲ್ಲಿ ಕಟ್ತಾರೆ, ಪಿಚರ್ ವಾಪಸ್ ಬರೋಕೆ 12ರಿಂದ 18 ತಿಂಗಳು ಬೇಕು.

ನೀವು ಮನೇಲಿ ನೋಡ್ಬಹುದಾದ್ದು ಇಷ್ಟು. ಲೀಗ್‌ನವರದ್ದೇ ಬೇಸ್‌ಬಾಲ್ ಸವಾಂಟ್ ಸೈಟಲ್ಲಿ ಪ್ರತಿ ಎಸೆತದ ವೇಗ ಫ್ರೀಯಾಗಿ ಸಿಗತ್ತೆ. ಒಬ್ಬ ಪಿಚರ್‌ನ ಫಾಸ್ಟ್‌ಬಾಲ್ ಅವನ ಎಂದಿನ ಸರಾಸರಿಗಿಂತ ಒಂದು ಮ್ಯಾಚಲ್ಲಿ ಗಂಟೆಗೆ ಒಂದು ಮೈಲಿ ಕಮ್ಮಿ ಆದ್ರೆ ಚಳಿ ಇರ್ಬಹುದು, ಬಿಡಿ. ಎರಡು ಮೂರು ಮ್ಯಾಚ್ ಸತತ ಇಳೀತಿದ್ರೆ, ಜೊತೆಗೆ ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಬಿಟ್ಟಿ ಬೇಸ್) ಕೊಡೋದು ಜಾಸ್ತಿ ಆಗಿದ್ರೆ, ಎಸೆದಾದ್ಮೇಲೆ ಕೈ ಝಾಡಿಸ್ತಿದ್ರೆ, ಅದು ಎಚ್ಚರಿಕೆ ಗಂಟೆ. "ಮುಂದೋಳು ಬಿಗಿ ಹಿಡಿದಿದೆ" ಅನ್ನೋ ಮಾತು ಬಂತು ಅಂದ್ರೆ ನಾನು ಆ ಸೀಸನ್‌ಗೆ ಅವನ ಹೆಸರು ಲೆಕ್ಕದಿಂದ ತೆಗೆದುಬಿಡ್ತೀನಿ.

2023 ಆಗಸ್ಟ್ 23ಕ್ಕೆ ಸಿನ್ಸಿನಾಟಿ ಮೇಲೆ ಡಬಲ್‌ಹೆಡರ್, ಅಂದ್ರೆ ಒಂದೇ ದಿನ ಎರಡು ಮ್ಯಾಚ್ ಇತ್ತು. ಮೊದಲ ಮ್ಯಾಚಿನ ಎರಡನೇ ಇನಿಂಗ್ಸಲ್ಲೇ (ಇಲ್ಲಿ ಮ್ಯಾಚಿಗೆ ಒಂಬತ್ತು ಇನಿಂಗ್ಸ್) ಆಗ ನಮ್ಮ ಟೀಮಲ್ಲಿದ್ದ, ಎಸೆಯೋದೂ ಬ್ಯಾಟ್ ಮಾಡೋದೂ ಎರಡೂ ಮಾಡೋ ಶೋಹೈ ಓಹ್ತಾನಿ ಮೌಂಡ್ (ಪಿಚರ್ ನಿಂತು ಎಸೆಯೋ ದಿಬ್ಬ) ಬಿಟ್ಟು ಹೋದ್ರು, ವೇಗ ಎಂದಿನಂತಿರ್ಲಿಲ್ಲ, ಆಗ ಹೇಳಿದ್ದು ಕೈ ಆಯಾಸ ಅಂತ. ಎರಡನೇ ಮ್ಯಾಚಲ್ಲಿ ಬ್ಯಾಟೂ ಮಾಡಿದ್ರು, ಮಾಡಿ ಮುಗ್ಸಿದ ಮೇಲೆ ರಾತ್ರಿ ಗೊತ್ತಾಯ್ತು ಲಿಗಮೆಂಟ್ ಹರಿದಿದೆ ಅಂತ. 2018ರಲ್ಲಿ ಒಂದು ಸಲ ಆಪರೇಷನ್ ಆಗಿದ್ದ ಅದೇ ಮೊಣಕೈ. ಮೂರೇ ವಾರದ ಹಿಂದೆ ಬೆರಳು ಹಿಡಿದುಕೊಂಡು ಮೌಂಡ್ ಬಿಟ್ಟಿದ್ರು, ಅದನ್ನ ನಾನು ಕಣ್ಣಾರೆ ನೋಡಿದ್ದೆ, ಆ ಮ್ಯಾಚ್ ಬಗ್ಗೆ ಕೆಳಗೆ ಬರ್ತೀನಿ.

ಎಚ್ಚರಿಕೆ, ಮನೇಲಿ ಪಿಚ್ ಮಾಡೋ ಮಕ್ಕಳಿದ್ರೆ ಇದನ್ನ ಬಿಡದೆ ಓದಿ: ಇಲ್ಲಿ ನಮ್ಮ ಕನ್ನಡದ ಮನೆಗಳ ಮಕ್ಕಳೂ ತುಂಬಾ ಜನ ಆಡ್ತಾರೆ, ಅಪ್ಪ ಅಮ್ಮನಿಗೆ ಈ ಆಟ ಹೊಸದು, ಕೋಚ್ ಹೇಳಿದ್ದೇ ವೇದವಾಕ್ಯ ಆಗತ್ತೆ. ಲಿಟ್ಲ್ ಲೀಗ್ ನಿಯಮದಲ್ಲಿ 9-10 ವರ್ಷದವರಿಗೆ ದಿನಕ್ಕೆ 75 ಎಸೆತ, 11-12ಕ್ಕೆ 85, 13ರಿಂದ 16ಕ್ಕೆ 95, ಅದರ ಮೇಲೆ ಇಲ್ಲ. 14 ಅಥವಾ ಅದಕ್ಕಿಂತ ಕಮ್ಮಿ ವಯಸ್ಸಿನ ಮಗು ಒಂದೇ ದಿನ 66 ಅಥವಾ ಅದಕ್ಕಿಂತ ಜಾಸ್ತಿ ಎಸೆದ್ರೆ ನಾಲ್ಕು ದಿನ ರೆಸ್ಟ್ ಕಡ್ಡಾಯ. ನನ್ನ ಮಗ ಹತ್ತು ವರ್ಷದಲ್ಲಿ ಶನಿವಾರ ಒಂದು ಟೀಮ್‌ಗೆ, ಭಾನುವಾರ ಇನ್ನೊಂದು ಟೀಮ್‌ಗೆ ಎಸೀತಿದ್ದ, ಎರಡೂ ಕಡೆ ಲೆಕ್ಕ ಬೇರೆ ಬೇರೆ ಬರ್ಕೊಳ್ತಿದ್ರು, ಒಟ್ಟು ಯಾರೂ ಕೂಡಿರ್ಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಹಲ್ಲುಜ್ಜೋಕೆ ಬ್ರಷ್ ಎಡಗೈಯಲ್ಲಿ ಹಿಡ್ಕೊಂಡಿದ್ದ, ಯಾಕೋ ಅಂದ್ರೆ "ಬಲಗೈ ಮಡಚೋಕೆ ಆಗ್ತಿಲ್ಲಪ್ಪ" ಅಂದ. ಮಕ್ಕಳಲ್ಲಿ ಲಿಗಮೆಂಟಿಗಿಂತ ಮೊದ್ಲು ಏಟು ಬೀಳೋದು ಮೂಳೆ ಬೆಳೆಯೋ ಜಾಗಕ್ಕೆ. ಮೊಣಕೈ ಒಳಭಾಗದಲ್ಲಿ ನೋವು, ಕೈ ಪೂರ್ತಿ ಚಾಚೋಕೆ ಮಡಚೋಕೆ ಆಗ್ದೇ ಇರೋದು, ಉಂಗುರದ ಬೆರಳು ಕಿರುಬೆರಳು ಜೋಮು ಹಿಡಿಯೋದು, ಎಸೆಯೋವಾಗ ಪಟ್ ಅಂತ ಸದ್ದು, ಇದರಲ್ಲಿ ಒಂದು ಕಂಡ್ರೂ ಎಸೆಯೋದು ಅವತ್ತೇ ನಿಲ್ಸಿ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ನೋವಿನ ಮಾತ್ರೆ ಕೊಟ್ಟು ಆಡಿಸ್ಲೇಬೇಡಿ. ಮಗ ಈಗ ಹುಷಾರಾಗಿದಾನೆ, ಎಸೆತ ಲೆಕ್ಕ ಹಾಕೋ ಕ್ಲಿಕ್ಕರ್ ನನ್ನ ಕೈಯಲ್ಲೇ ಇರತ್ತೆ.

ಲಕ್ಷಣ 3: ವಾಪಸ್ ಬರೋ ದಿನ ಮುಂದಕ್ಕೆ ಹೋಗ್ತಾನೇ ಇದೆ

ಗಾಯದ ಪಟ್ಟಿಗೆ ಹಾಕಿದ್ರೆ ಬ್ಯಾಟರ್‌ಗೆ ಕನಿಷ್ಠ 10 ದಿನ, ಪಿಚರ್‌ಗೆ 15 ದಿನ, ದೊಡ್ಡ ಗಾಯಕ್ಕೆ 60 ದಿನ. ಇದ್ರಲ್ಲಿ ನೋಡ್ಬೇಕಾದ್ದು ದಿನದ ಲೆಕ್ಕ ಅಲ್ಲ, ಹೇಳೋ ಮಾತು ಬದಲಾಗ್ತಿದ್ಯಾ ಅಂತ. "ದಿನ ದಿನ ನೋಡ್ತೀವಿ" ಅಂದಿದ್ದು 10 ದಿನದ ಪಟ್ಟಿಗೆ, ಅಲ್ಲಿಂದ 60 ದಿನದ ಪಟ್ಟಿಗೆ ಹೋದ್ರೆ ಎರಡೇ ಕಾರಣ, ಮೊದಲ ಪರೀಕ್ಷೇಲಿ ಗಾಯ ಸರಿಯಾಗಿ ಸಿಕ್ಕಿಲ್ಲ ಇಲ್ಲಾ ನಮಗೆ ಪೂರ್ತಿ ಹೇಳಿಲ್ಲ.

2021 ಮೇ ತಿಂಗಳಲ್ಲಿ ನಮ್ಮ ಸ್ಟಾರ್ ಬ್ಯಾಟರ್ ಮೈಕ್ ಟ್ರೌಟ್‌ಗೆ ಮೀನಖಂಡ ಹಿಡ್ಕೊಂಡಾಗ ಆರರಿಂದ ಎಂಟು ವಾರ ಅಂದಿದ್ರು, ಆ ಸೀಸನ್ ಮತ್ತೆ ಆಡ್ಲೇ ಇಲ್ಲ. 2023 ಜುಲೈನಲ್ಲಿ ನಮ್ಮ ಇನ್ನೊಬ್ಬ ದುಬಾರಿ ಬ್ಯಾಟರ್ ಆಂಥನಿ ರೆಂಡನ್ ಮೊಣಕಾಲ ಕೆಳಗೆ ಚೆಂಡು ಬಿತ್ತು, ಟೀಮ್ ಹೇಳಿದ್ದು ಬರೀ ಏಟು ಅಂತ, ಸೆಪ್ಟೆಂಬರ್‌ನಲ್ಲಿ ಆಟಗಾರನೇ ಮೂಳೆ ಮುರಿದಿದೆ ಅಂದ್ರು. ನನಗೆ ಬೇಜಾರಾಗೋದು ಗಾಯಕ್ಕಲ್ಲ ಸ್ವಾಮಿ, ಎರಡು ತಿಂಗಳು ಇವತ್ತು ಬರ್ತಾರೆ ನಾಳೆ ಬರ್ತಾರೆ ಅಂತ ಕಾಯಿಸಿದ್ದಕ್ಕೆ. ಇಂಥದ್ದು ಒಂದು ಸೀಸನಲ್ಲಿ ಮೂರ್ನಾಲ್ಕು ಆಟಗಾರರ ವಿಷಯದಲ್ಲಿ ಆದ್ರೆ ದೋಷ ಆಟಗಾರರ ಮೈಯಲ್ಲಿ ಇಲ್ಲ, ಹೇಳೋರ ಹತ್ರ ಇದೆ.

ಲಕ್ಷಣ 4: ದುಬಾರಿ ಆಟಗಾರನೇ ಪ್ರತಿ ವರ್ಷ ಹೊರಗೆ

ಇಲ್ಲಿಂದ ಪೆನ್ನು ಪೇಪರ್ ಬೇಕು. ಆಟಗಾರನ ಹೆಸರು, ಕಾಂಟ್ರಾಕ್ಟ್ ಶುರುವಾದಾಗ ವಯಸ್ಸು, ಎಷ್ಟು ವರ್ಷ, ಎಷ್ಟು ಮ್ಯಾಚ್ ಆಡಿದ್ರು, ಇಷ್ಟು ಬರ್ಕೊಳ್ಳಿ. ರೆಂಡನ್: ಏಳು ವರ್ಷಕ್ಕೆ 24.5 ಕೋಟಿ ಡಾಲರ್, ಆಡಿದ್ದು 52, 58, 47, 43, 57, ಕೊನೆಗೆ 2025ರಲ್ಲಿ ಸೊಂಟದ ಆಪರೇಷನ್ ಆಗಿ ಸೊನ್ನೆ. ಆರು ಸೀಸನಲ್ಲಿ ಒಟ್ಟು 257 ಮ್ಯಾಚ್. ಅದಕ್ಕೆ ಮುಂಚೆ ಆಲ್ಬರ್ಟ್ ಪೂಹೋಲ್ಸ್‌ಗೆ ಹತ್ತು ವರ್ಷಕ್ಕೆ 24 ಕೋಟಿ ಕೊಟ್ಟು 2021 ಮೇನಲ್ಲಿ ಕಾಂಟ್ರಾಕ್ಟ್ ಮುಗಿಯೋಕೆ ಮುಂಚೆ ಕಳಿಸಿದ್ರು. ಪೂಹೋಲ್ಸ್ ಬಂದ ಮಾರನೇ ವರ್ಷವೇ ಜಾಶ್ ಹ್ಯಾಮಿಲ್ಟನ್‌ಗೆ ಐದು ವರ್ಷಕ್ಕೆ 12.5 ಕೋಟಿ, ಎರಡು ಸೀಸನ್ ಆದ್ಮೇಲೆ ಟೆಕ್ಸಸ್‌ಗೆ ವಾಪಸ್, ಸಂಬಳದ ದೊಡ್ಡ ಪಾಲು ಕಟ್ಟಿದ್ದು ಏಂಜಲ್ಸೇ.

ಒಬ್ಬರಿಗೆ ಹೀಗಾದ್ರೆ ದುರದೃಷ್ಟ. ಮೂರು ಸಲ ಆಯ್ತು ಅಂದ್ರೆ ಮೂವತ್ತು ಮುಟ್ಟಿದ ಆಟಗಾರನಿಗೆ ಹಳೇ ಹೆಸರು ನೋಡಿ ದುಡ್ಡು ಸುರಿಯೋ ಚಾಳಿ.

ಟ್ರೌಟ್ ವಿಷಯ ಬೇರೆ, ಅವರನ್ನ ನಾನು ಈ ಪಟ್ಟಿಗೆ ಸೇರಿಸಲ್ಲ. ನಿಜ, 2021ರಿಂದ 2024ರವರೆಗೆ 648 ಮ್ಯಾಚಲ್ಲಿ ಆಡಿದ್ದು 266. ಮೀನಖಂಡ, ಬೆನ್ನು, ಕೈಯ ಹೇಮೇಟ್ ಮೂಳೆ, ಮಂಡಿಯೊಳಗೆ ಮೂಳೆಗಳ ನಡುವೆ ಮೆತ್ತೆ ಥರ ಇರೋ ಮೆನಿಸ್ಕಸ್ ಎರಡು ಸಲ. ಆದ್ರೂ 2025ರಲ್ಲಿ 130 ಮ್ಯಾಚ್ ಆಡಿ 400ನೇ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಹೊಡೆದ್ರು. ಮೂರು ಸಲ ಎಂವಿಪಿ (ಲೀಗಿನ ವರ್ಷದ ಅತ್ಯುತ್ತಮ ಆಟಗಾರ) ಆದ ಈ ಮನುಷ್ಯ ಪ್ಲೇಆಫ್‌ನಲ್ಲಿ ಆಡಿರೋದು ಬರೀ ಮೂರು ಮ್ಯಾಚ್, 2014ರಲ್ಲಿ, ಮೂರೂ ಸೋಲು. ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ.

ಲಕ್ಷಣ 5: ಒಬ್ಬ ಬಿದ್ರೆ ಇಡೀ ಟೀಮ್ ಬೀಳತ್ತೆ

ನನ್ನ ಪ್ರಕಾರ ಅಸಲಿ ದೋಷ ಇರೋದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ನೋಡಿ. ಗಾಯ ಎಲ್ಲಾ ಟೀಮ್‌ಗೂ ಆಗತ್ತೆ. ಐ-5ನಲ್ಲಿ ಮೂವತ್ತು ಮೈಲಿ ಮೇಲಕ್ಕೆ ಹೋದ್ರೆ ಡಾಡ್ಜರ್ಸ್ ಇದಾರೆ. 2024ರಲ್ಲಿ ಅವರ ಪಿಚರ್‌ಗಳ ಗಾಯದ ಪಟ್ಟಿ ಓದಿದ್ರೆ ತಲೆ ತಿರುಗ್ತಿತ್ತು, ಗ್ಲಾಸ್‌ನೌ ಇಲ್ಲ, ಕರ್ಷಾ ಇಲ್ಲ, ಗ್ಯಾವಿನ್ ಸ್ಟೋನ್ ಇಲ್ಲ, ಡಸ್ಟಿನ್ ಮೇ ಇಲ್ಲ. ಪ್ಲೇಆಫ್‌ಗೆ ಉಳಿದಿದ್ದು ಮೂರೇ ಸ್ಟಾರ್ಟರ್ (ಮ್ಯಾಚ್ ಶುರು ಮಾಡೋ ಪಿಚರ್), ಮಿಕ್ಕ ಮ್ಯಾಚನ್ನ ಬುಲ್‌ಪೆನ್‌ನಿಂದ (ಮಧ್ಯದಲ್ಲಿ ಬರೋ ಪಿಚರ್‌ಗಳ ಗುಂಪು) ಹತ್ತು ಹನ್ನೆರಡು ಬಾಲಿಗೊಬ್ಬ ಇಪ್ಪತ್ತು ಬಾಲಿಗೊಬ್ಬ ಅಂತ ಸಾಗಿಸಿದ್ರು, ವರ್ಲ್ಡ್ ಸೀರೀಸ್ ಎರಡನೇ ಮ್ಯಾಚಲ್ಲಿ ಓಹ್ತಾನಿ ಭುಜ ಬೇರೆ ಜಾರಿತು, ಆದ್ರೂ ಕಪ್ ಎತ್ತಿದ್ರು. ಅದೇ ವರ್ಷ ನಮ್ಮೋರು ಏಪ್ರಿಲ್ ಕೊನೆಗೆ ಟ್ರೌಟ್ ಮಂಡಿ ಹೋಗಿದ್ದೇ ತಡ 99 ಮ್ಯಾಚ್ ಸೋತ್ರು, ಟೀಮಿನ ಇತಿಹಾಸದಲ್ಲೇ ಅತಿ ಹೆಚ್ಚು. ಗಾಯ ಇಬ್ಬರಿಗೂ ಆಯ್ತು, ಗಾಯ ಆದಾಗ ಕರೆಯೋಕೆ ಒಳಗೆ ಜನ ಇದ್ದಿದ್ದು ಒಬ್ಬರಿಗೆ ಮಾತ್ರ.

ಡಾಡ್ಜರ್ಸ್‌ಗೆ ದುಡ್ಡಿದೆ ಅಂತ ನೀವು ಹೇಳ್ಬಹುದು. ಮೇಲಿನ ಲಕ್ಷಣದಲ್ಲಿರೋ ಅಂಕಿ ಮತ್ತೆ ನೋಡಿ, ನಮ್ಮೋರಿಗೂ ದುಡ್ಡು ಕಮ್ಮಿ ಇರ್ಲಿಲ್ಲ.

ಪರೀಕ್ಷೆ ಮಾಡೋದು ಹೀಗೆ: ಮೇಜರ್ ಲೀಗ್ ಟೀಮಲ್ಲಿ 26 ಜನ, ಕಾಂಟ್ರಾಕ್ಟ್ ಪಟ್ಟೀಲಿ 40 ಜನ. ಮಿಕ್ಕ ಹದಿನಾಲ್ಕು ಹೆಸರು ತೆಗೀರಿ. ಅವರಲ್ಲಿ ಇವತ್ತು ಶಾರ್ಟ್‌ಸ್ಟಾಪ್ (ಎರಡನೇ ಮೂರನೇ ಬೇಸ್ ನಡುವೆ ನಿಲ್ಲೋ ಫೀಲ್ಡರ್) ಬಿದ್ರೆ ನಾಳೆ ನಿಲ್ಲೋನು ಯಾರು, ಮೊದಲ ಸ್ಟಾರ್ಟರ್ ಬಿದ್ರೆ ಯಾರು, ಕ್ಯಾಚರ್ ಬಿದ್ರೆ ಯಾರು ಅಂತ ಹೆಸರು ಬರೀರಿ. ಮೂರಕ್ಕೂ ಹೆಸರು ಬರ್ದು ನಿಮಗೆ ಸಮಾಧಾನ ಆದ್ರೆ ಟೀಮ್ ಗಟ್ಟಿ. ಎರಡು ಕಡೆ ಪೆನ್ನು ನಿಂತ್ರೆ ದೋಷ ಸಿಕ್ತು ಅಂದ್ಕೊಳ್ಳಿ, ಅದು ಡ್ರಾಫ್ಟು (ವರ್ಷಕ್ಕೊಂದು ಸಲ ಟೀಮ್‌ಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋದು), ಕೆಳಗಿನ ಲೀಗು, ಹುಡುಗರನ್ನ ಬೆಳೆಸೋ ಕೋಚ್‌ಗಳು, ಇವುಗಳ ದೋಷ. 2021ರಲ್ಲಿ ಏಂಜಲ್ಸ್ ಡ್ರಾಫ್ಟ್‌ನ 20 ಸುತ್ತಲ್ಲೂ ಬರೀ ಪಿಚರ್‌ಗಳನ್ನೇ ತಗೊಂಡ್ರು. ಅಷ್ಟು ವರ್ಷ ಪಿಚರ್ ಬೆಳೆಸದೆ ಇದ್ದು ಒಂದೇ ದಿನ ತುಂಬಿಸೋಕೆ ಹೊರಟಿದ್ದು ಅದು. ಒಳ್ಳೇದೂ ಇದೆ, 2022ರಲ್ಲಿ ತಗೊಂಡ ಜ್ಯಾಕ್ ನೆಟೋ ಮುಂದಿನ ಏಪ್ರಿಲ್‌ಗೇ ಮೇಲೆ ಬಂದು ಶಾರ್ಟ್‌ಸ್ಟಾಪ್ ಜಾಗ ತನ್ನದು ಮಾಡ್ಕೊಂಡ. ಅಂಥವನು ಒಬ್ಬ ಸಿಕ್ಕಿದ್ರೆ ಸಾಲಲ್ಲ, ವರ್ಷಕ್ಕೊಬ್ಬ ಬೇಕು.

ಲಕ್ಷಣ 6: ಜುಲೈನಲ್ಲಿ ಟ್ರೇಡ್, ಆಗಸ್ಟಲ್ಲಿ ತಲೆ ಮೇಲೆ ಕೈ

ಟ್ರೇಡ್ (ಟೀಮ್‌ಗಳು ಆಟಗಾರರನ್ನ ಅದಲುಬದಲು ಮಾಡ್ಕೊಳ್ಳೋದು) ಆದ ದಿನ ಹೆಸರು ನೋಡ್ಬೇಡಿ, ವರ್ಷ ನೋಡಿ. ಬರೋ ಆಟಗಾರನ ಕಾಂಟ್ರಾಕ್ಟ್ ಎಷ್ಟು ದಿನ ಉಳಿದಿದೆ, ಹೋಗೋ ಹುಡುಗ ಎಷ್ಟು ವರ್ಷ ಅವರ ಕೈಯಲ್ಲಿ ಇರ್ತಾನೆ. ಎರಡು ತಿಂಗಳಿಗೆ ಆರು ವರ್ಷ ಕೊಟ್ರೆ, ಆ ಎರಡು ತಿಂಗಳಲ್ಲಿ ಕಪ್ ಹತ್ರ ಹೋಗೋ ಟೀಮ್ ಆಗಿದ್ರೆ ಮಾತ್ರ ಸರಿ. ಇಲ್ದಿದ್ರೆ ಬಿತ್ತನೆಗೆ ಇಟ್ಟ ಬೀಜ ಹುರಿದು ತಿಂದ ಹಾಗೆ.

2023 ಜುಲೈ ಕೊನೆಗೆ ಓಹ್ತಾನಿನ ಮಾರಲ್ಲ ಅಂತ ತೀರ್ಮಾನ ಮಾಡಿ, ಶಿಕಾಗೋ ವೈಟ್ ಸಾಕ್ಸ್‌ನಿಂದ ಲೂಕಸ್ ಜಿಯೊಲಿಟೊ, ರೆನಾಲ್ಡೊ ಲೋಪೆಜ್ ಇಬ್ಬರನ್ನೂ ತಗೊಂಡ್ರು, ಇಬ್ಬರ ಕಾಂಟ್ರಾಕ್ಟೂ ಆ ಸೀಸನ್‌ಗೇ ಮುಗಿಯೋದು. ಕೊಟ್ಟಿದ್ದು ಎಡ್ಗರ್ ಕೆರೊ ಅನ್ನೋ ಕ್ಯಾಚರ್ ಹುಡುಗನ್ನ, ಜೊತೆಗೆ ಕೈ ಬುಷ್ ಅನ್ನೋ ಪಿಚರ್‌ನ. ಮಾರನೇ ದಿನ ಡೆಟ್ರಾಯ್ಟ್‌ನಲ್ಲಿ ಓಹ್ತಾನಿ ಮೊದಲ ಮ್ಯಾಚಲ್ಲಿ ಒಂದೇ ಹಿಟ್ ಕೊಟ್ಟು ಪೂರ್ತಿ ಎಸೆದು, ಎರಡನೇದ್ರಲ್ಲಿ ಎರಡು ಹೋಮ್ ರನ್ ಹೊಡೆದ್ರು. ಆ ದಿನ ನಾನೂ ಒಪ್ಪಿದ್ದೆ, ಹೀಗೆ ಆಡೋನನ್ನ ಯಾರು ಕೊಡ್ತಾರೆ.

ಆಗಸ್ಟ್ 3, ಗುರುವಾರ ರಾತ್ರಿ, ನಾನು ಮಗ ಮೂರನೇ ಬೇಸ್ ಕಡೆ ಕೂತಿದ್ವಿ, ಎದುರಿಗೆ ಸಿಯಾಟಲ್. ಓಹ್ತಾನಿ ನಾಲ್ಕು ಇನಿಂಗ್ಸ್ ರನ್ ಕೊಡದೆ ಎಸೆದು, ಬೆರಳು ಸೆಳೆತ ಬಂದು ಮೌಂಡ್ ಬಿಟ್ರು. ಎಂಟನೇ ಇನಿಂಗ್ಸಲ್ಲಿ ಬ್ಯಾಟ್ ಹಿಡ್ಕೊಂಡು ಬಂದು 40ನೇ ಹೋಮ್ ರನ್ ಹೊಡೆದ್ರು, 3-1. ಮಗ ಸೀಟ್ ಮೇಲೆ ನಿಂತ್ಕೊಂಡ. ಒಂಬತ್ತನೇದ್ರಲ್ಲಿ ಮೂರೂ ಬೇಸ್ ತುಂಬಿ ಸಿಯಾಟಲ್‌ನ ಕೇಡ್ ಮಾರ್ಲೋ ಗ್ರ್ಯಾಂಡ್ ಸ್ಲಾಮ್ ಹೊಡೆದ, ಒಂದೇ ಹೊಡೆತಕ್ಕೆ ನಾಲ್ಕು ರನ್, ಅವರು 5 ನಾವು 3. ನಮ್ಮ ಸಾಲಲ್ಲಿ ಯಾರೂ ಬೈಯಲಿಲ್ಲ, ಯಾರೂ ಎದ್ದೂ ಹೋಗಲಿಲ್ಲ, ಪಕ್ಕದಲ್ಲಿದ್ದ ಜಪಾನಿ ಅಜ್ಜಿ ಟವೆಲ್ ಮಡಚಿ ಮಡಚಿ ತೊಡೆ ಮೇಲೆ ಇಟ್ಕೊಂಡ್ರು. ಆ ತಿಂಗಳ ಮೊದಲ ಏಳು ಮ್ಯಾಚೂ ಸೋಲು. ತಿಂಗಳ ಕೊನೆಗೆ ಲಕ್ಸುರಿ ಟ್ಯಾಕ್ಸ್ (ಒಟ್ಟು ಸಂಬಳ ಮಿತಿ ದಾಟಿದ್ರೆ ಲೀಗ್ ಹಾಕೋ ತೆರಿಗೆ) ಮಿತಿ ಕೆಳಗೆ ಬರೋಕೆ ಅಂತ ಜಿಯೊಲಿಟೊ, ಲೋಪೆಜ್ ಸೇರಿ ಹಲವರನ್ನ ವೇವರ್‌ಗೆ ಹಾಕಿದ್ರು, ಅಂದ್ರೆ ಬೇಕಾದ ಟೀಮ್ ತಗೊಳ್ಳಲಿ ಅಂತ ಬಿಟ್ರು, ಆ ಇಬ್ಬರೂ ಕ್ಲೀವ್‌ಲ್ಯಾಂಡ್‌ಗೆ ಬಿಟ್ಟಿಯಾಗಿ ಹೋದ್ರು. ಸೀಸನ್ 73 ಗೆಲುವು 89 ಸೋಲಿಗೆ ಮುಗೀತು. ಡಿಸೆಂಬರ್‌ನಲ್ಲಿ ಓಹ್ತಾನಿ ಹತ್ತು ವರ್ಷಕ್ಕೆ 70 ಕೋಟಿ ಡಾಲರ್‌ಗೆ ಡಾಡ್ಜರ್ಸ್‌ಗೆ, ನಮಗೆ ಉಳಿದಿದ್ದು ಡ್ರಾಫ್ಟ್‌ನ ಒಂದು ಪಿಕ್ಕು. ಕೆರೊ 2025 ಏಪ್ರಿಲ್‌ನಿಂದ ವೈಟ್ ಸಾಕ್ಸ್‌ಗೆ ಕ್ಯಾಚ್ ಮಾಡ್ತಿದಾನೆ.

ಇದೇ ಅಳತೆಗೋಲು 2025 ನವೆಂಬರ್ ಟ್ರೇಡ್‌ಗೂ ಇಡಿ. 36 ಹೋಮ್ ರನ್ ಹೊಡೆದ ಟೇಲರ್ ವಾರ್ಡ್‌ನ ಬಾಲ್ಟಿಮೋರ್‌ಗೆ ಕೊಟ್ಟು, ಗಾಯದಿಂದ ಇಡೀ 2025 ಆಡದ ಪಿಚರ್ ಗ್ರೇಸನ್ ರಾಡ್ರಿಗಸ್‌ನ ತಂದ್ರು. ವಾರ್ಡ್‌ಗೆ ಉಳಿದಿದ್ದು ಒಂದು ವರ್ಷ, ರಾಡ್ರಿಗಸ್ ನಾಲ್ಕು ವರ್ಷ ಇರ್ತಾನೆ. ವರ್ಷದ ಲೆಕ್ಕ ನಮ್ಮ ಕಡೆ, ಮೊಣಕೈ ಲೆಕ್ಕ ನಮ್ಮ ಕಡೆ ಇಲ್ಲ. ಹಾಗಾಗಿ ಇವನ ಮಟ್ಟಿಗೆ ಲಕ್ಷಣ 2ರ ಪರೀಕ್ಷೆ ಪ್ರತಿ ಮ್ಯಾಚಿಗೂ ಮಾಡಿ.

ಲಕ್ಷಣ 7: ಮ್ಯಾನೇಜರ್ ಬದಲಾದ್ರೂ ಫಲಿತಾಂಶ ಅದೇ

ಇಲ್ಲಿ ಮ್ಯಾನೇಜರ್ ಅಂದ್ರೆ ಕ್ರಿಕೆಟ್‌ನ ಹೆಡ್ ಕೋಚ್ ಇದ್ದಂಗೆ. ಮೈಕ್ ಸೋಶಾ 2000ದಿಂದ 2018ರವರೆಗೆ ಇದ್ರು, 2002ರ ವರ್ಲ್ಡ್ ಸೀರೀಸೂ ಗೆದ್ದುಕೊಟ್ರು. ಅವರಾದ್ಮೇಲೆ ಆಸ್ಮಸ್, ಮ್ಯಾಡನ್, ನೆವಿನ್, ವಾಷಿಂಗ್ಟನ್, 2025ರಲ್ಲಿ ವಾಷಿಂಗ್ಟನ್ ಆರೋಗ್ಯ ಕೆಟ್ಟಾಗ ಮಾಂಟ್ಗಮರಿ, ಈಗ ಕರ್ಟ್ ಸುಜುಕಿ. ಡ್ರೈವರ್ ಬದಲಾಯಿಸಿ ಬದಲಾಯಿಸಿ ಗಾಡಿ ಓಡ್ತಿಲ್ಲ ಅಂದ್ರೆ ಬಾನೆಟ್ ಎತ್ತಿ ಇಂಜಿನ್ ನೋಡ್ಬೇಕು. ಆಟಗಾರರನ್ನ ತರೋ ಕಳಿಸೋ ತೀರ್ಮಾನ ಮಾಡೋ ಜನರಲ್ ಮ್ಯಾನೇಜರ್‌ಗಳೂ ಬದಲಾದ್ರು, ಡಿಪೋಟೊ, ಎಪ್ಲರ್, 2020ರಿಂದ ಮಿನೇಸಿಯನ್. ಇಷ್ಟರಲ್ಲೂ ಬದಲಾಗದ ಹೆಸರು ಒಂದೇ, 2003ರಲ್ಲಿ ಡಿಸ್ನಿಯಿಂದ ಟೀಮ್ ಕೊಂಡ ಮಾಲೀಕ ಆರ್ಟೆ ಮೊರೇನೊ. 2022 ಆಗಸ್ಟ್‌ನಲ್ಲಿ ಮಾರೋ ಯೋಚನೆ ಇದೆ ಅಂದ್ರು, 2023 ಜನವರಿಯಲ್ಲಿ ಮಾರಲ್ಲ ಅಂದ್ರು. ಅವರು ಟಿಕೆಟ್ ಬಿಯರ್ ಬೆಲೆ ಇಳಿಸಿದ ಕಾಲವೂ ಇತ್ತು, ಜನ ಇಷ್ಟಪಟ್ಟಿದ್ರು, ಅದನ್ನ ಮರೆತಿಲ್ಲ. ಆದ್ರೆ ಮೇಲಿನವರು ದೊಡ್ಡ ಹೆಸರಿಗೆ ಮೊದಲು ದುಡ್ಡು ಕೊಟ್ಟು ಬುಡಕ್ಕೆ ಆಮೇಲೆ ಕೊಡೋ ತನಕ ಕೆಳಗಿನವರು ಏನು ಮಾಡಿದ್ರೂ ಅಷ್ಟೇ ಅನ್ನೋದು ನನ್ನ ಅಭಿಪ್ರಾಯ.

ಅಭಿಮಾನಿ ಕೈಯಿಂದ ಆಗೋ ರಿಪೇರಿ ಇಲ್ಲಿಗೆ ಮುಗೀತು. ಟಿಕೆಟ್ ರಿನ್ಯೂ ಮಾಡ್ದೇ ಇರ್ಬಹುದು, ಪತ್ರ ಬರೀಬಹುದು, ಅಷ್ಟೇ.

ಯಾವಾಗ ನಿಲ್ಲಿಸ್ಬೇಕು

ಸೋತ ರಾತ್ರಿ ನಿದ್ದೆ ಬರ್ತಿಲ್ಲ, ಮನೆಯವರ ಮೇಲೆ ರೇಗ್ತಿದೀರಿ ಅಂದ್ರೆ ಒಂದು ವಾರ ಸ್ಕೋರ್ ಆಪ್ ತೆಗೆದುಹಾಕಿ. ಮ್ಯಾಚ್ ಮೇಲೆ ದುಡ್ಡು ಕಟ್ಟೋರು ಹೋದ ದುಡ್ಡು ವಾಪಸ್ ತರೋಕೆ ಮತ್ತೆ ಕಟ್ತಿದ್ರೆ ತಕ್ಷಣ ನಿಲ್ಸಿ, ಮನೇಲಿ ಹೇಳಿ, ಸಹಾಯ ಕೇಳಿ. ಆಟಗಾರನಿಗೆ ಬೈದು ಮೆಸೇಜ್ ಕಳಿಸೋದು ಯಾವ ಕಾರಣಕ್ಕೂ ಬೇಡ. 2025 ಮೇನಲ್ಲಿ ಹೂಸ್ಟನ್ ಪಿಚರ್ ಲ್ಯಾನ್ಸ್ ಮೆಕಲರ್ಸ್‌ಗೆ ಒಂದು ಕೆಟ್ಟ ಮ್ಯಾಚ್ ಆದ್ಮೇಲೆ ಅವರ ಪುಟ್ಟ ಮಕ್ಕಳನ್ನ ಕೊಲ್ತೀವಿ ಅಂತ ಬೆದರಿಕೆ ಬಂತು, ಪೊಲೀಸ್ ಹುಡುಕಿದಾಗ ಬೇರೆ ದೇಶದಲ್ಲಿ ಕೂತು ಬೆಟ್ ಕಟ್ಟಿ ದುಡ್ಡು ಕಳ್ಕೊಂಡವನು ಅವನು. ರೆಂಡನ್ ಮೇಲೆ ನನಗೂ ಸಿಟ್ಟಿದೆ, ಆದ್ರೆ ಆ ಸೊಂಟ ಆ ಕಾಲು ನೋವು ತಿಂದಿದ್ದು ಅವರೇ, ಕಾಂಟ್ರಾಕ್ಟ್ ಕೊಟ್ಟಿದ್ದು ಬೇರೆಯವರು.

ಇಷ್ಟೆಲ್ಲಾ ನೋಡಿ ಮುಗ್ಸಿದ ಮೇಲೂ ಟೀಮ್ ಬಿಡೋಕೆ ಆಗಲ್ಲ ಅನ್ನೋರು ನನ್ನ ಹಾಗೆ ಮಾಡಿ. ಕೆಳಗಿನ ಲೀಗಲ್ಲಿ, ಅಲಬಾಮಾದ ರಾಕೆಟ್ ಸಿಟಿ ಟ್ರ್ಯಾಶ್ ಪಾಂಡಾಸ್ ಏಂಜಲ್ಸ್‌ನ ಡಬಲ್-ಎ (ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗಿನ) ಟೀಮು, ಅಲ್ಲಿ 22 ವರ್ಷದೊಳಗಿನ ಇಬ್ಬರನ್ನ ಆರಿಸ್ಕೊಳ್ಳಿ, ಒಬ್ಬ ಪಿಚರ್ ಒಬ್ಬ ಬ್ಯಾಟರ್. ಪಿಚರ್ ಆದ್ರೆ ಒಂದು ವಾಕ್‌ಗೆ ಎಷ್ಟು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಅಂತ, ಬ್ಯಾಟರ್ ಆದ್ರೆ ತನಗಿಂತ ದೊಡ್ಡವರ ಎದುರು ಎಷ್ಟು ಸಲ ಔಟಾಗ್ದೇ ಬೇಸ್ ಸೇರ್ತಾನೆ ಅಂತ, ತಿಂಗಳಿಗೊಂದು ಸಲ ಬರ್ಕೊಳ್ಳಿ. ನಮ್ಮನೇಲಿ ಆ ಪಟ್ಟಿ ಫ್ರಿಡ್ಜ್ ಬಾಗಿಲ ಮೇಲಿದೆ, ಬರೆಯೋದು ಮಗ.